ಮುಟ್ಟು ನಿಲ್ಲುವ ಕಾಲ

ಬಸವನಗುಡಿಯಲ್ಲಿ ಮಾಗಿಯ ಚಳಿ ಕೊರೆಯುವ ಇರುಳಿನಲ್ಲಿಯೂ ಕೆಲವು ಗೃಹಿಣಿಯರಿಗೆ ಮೈ ಒಮ್ಮೆಲೇ ಕಾವೇರಿ, ಬೆವರಿನಿಂದ ರವಿಕೆ ತೊಯ್ದುಹೋಗುತ್ತದೆ. ನಿದ್ರೆ ಕೆಡುತ್ತದೆ, ಸಣ್ಣ ಮಾತಿಗೂ ಕಣ್ಣೀರು ಬರುತ್ತದೆ. ಮನೆಯವರು ಇದನ್ನು ಬರಿಯ ಸಿಡುಕೆಂದು ಭಾವಿಸುವುದುಂಟು. ಆದರೆ ಇದು ಮುಟ್ಟು ನಿಲ್ಲುವ ಕಾಲದ ಸೂಚನೆಯಾಗಿರಬಹುದು. ಅಂಡಾಶಯಗಳು ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಕುಗ್ಗುವುದೇ ಇದಕ್ಕೆ ಕಾರಣ. ನಮ್ಮ ದೇಶದ ಸ್ತ್ರೀಯರಿಗೆ ಸಾಮಾನ್ಯವಾಗಿ 46-47ರ ಸುಮಾರಿಗೆ ಈ ಘಟ್ಟ ಒದಗುತ್ತದೆ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿತೆಂದು ತಿಳಿಯಬೇಕು.

ತೆಳುವಾದ ಹತ್ತಿಯ ಉಡುಪು, ಗಾಳಿಯಾಡುವ ಕೋಣೆ, ಮಿತವಾದ ಕಾಫಿ ಇವುಗಳಿಂದ ಬಾಧೆ ತಗ್ಗೀತು. ಮೂಳೆಗಳು ಸವೆಯುವ ಕಾಲವಾದುದರಿಂದ ರಾಗಿ, ಹಾಲುಗಳನ್ನೂ ನಿತ್ಯದ ನಡಿಗೆಯನ್ನೂ ಬಿಡಬಾರದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ತೊಂದರೆ ಮಿತಿಮೀರಿದರೆ ಹಾರ್ಮೋನು ಚಿಕಿತ್ಸೆಯುಂಟು. ಆದರೆ ಅದು ಎಲ್ಲರಿಗೂ ಸಲ್ಲದು, ವೈದ್ಯರೇ ನಿರ್ಧರಿಸಬೇಕು.

ಒಂದು ಮಾತನ್ನು ಮಾತ್ರ ಮರೆಯಲಾಗದು. ವರ್ಷಕಾಲ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಮುಟ್ಟೆಂದು ಬಗೆದು ಸುಮ್ಮನಿರಬಾರದು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವೂ ಆಗಿರಬಹುದು. ಬೇಗ ಕಂಡುಕೊಂಡರೆ ಗುಣವಾಗುವ ಆಸೆ ಹೆಚ್ಚು. ಚಾಮರಾಜಪೇಟೆಗೆ ಸಮೀಪದಲ್ಲಿ, ಕೋಟೆಯ ಬಳಿ, ವಾಣಿವಿಲಾಸ ಆಸ್ಪತ್ರೆ 1935ರಿಂದ ಸ್ತ್ರೀಯರ ಸೇವೆಗೆ ನಿಂತಿದೆ. ಹೆರಿಗೆಗೆಂದು ಆಸ್ಪತ್ರೆಯ ಮೆಟ್ಟಿಲೇರಿದವರು ಇದಕ್ಕಾಗಿ ನಾಚಬೇಕಾದುದಿಲ್ಲ.