ಜಾನಪದ ಲೋಕಕ್ಕೆ ಅಜ್ಜಿಯೂ ಬರಲಿ

ಸಹೋದರಿಯರೇ, ರಜೆಯಲ್ಲಿ ಧನಗೆರೆಯಿಂದ ಮಕ್ಕಳೊಂದಿಗೆ ಎಲ್ಲಿಗಾದರೂ ಹೊರಡುವುದಿದ್ದರೆ ಈ ಸಲ ಜಾನಪದ ಲೋಕಕ್ಕೆ ಹೋಗಿ. ಸತ್ತೇಗಾಲದ ಬಳಿ ಕಾವೇರಿ ದಾಟಿ ಮಳವಳ್ಳಿ, ಮದ್ದೂರು, ಚನ್ನಪಟ್ಟಣ ಕಳೆದರೆ ರಾಮನಗರಕ್ಕೆ ಮುಂಚೆಯೇ ಸಿಗುತ್ತದೆ. ಹಳೆಯ ರಸ್ತೆಯನ್ನೇ ಹಿಡಿಯಿರಿ. 2023ರಲ್ಲಿ ತೆರೆದ ಹೊಸ ಹೆದ್ದಾರಿ ಈ ಊರುಗಳ ಹೊರಗಿನಿಂದಲೇ ಹಾದುಹೋಗುತ್ತದೆ.

ಹಳ್ಳಿಹಳ್ಳಿಗಳಿಂದ ಕೂಡಿಸಿದ ವಸ್ತುಗಳನ್ನು ಎಚ್.ಎಲ್. ನಾಗೇಗೌಡರು 1994ರಲ್ಲಿ ಇಲ್ಲಿ ಜನರ ಮುಂದಿಟ್ಟರು. 'ಲೋಕಮಾತಾ ಮಂದಿರ' ಎಂಬ ಹೆಸರು ಕಂಡು ಹಿಂಜರಿಯಬೇಡಿ. ಅಲ್ಲಿರುವುದು ಹಳ್ಳಿಯ ಹೆಂಗಸರು ಬಳಸುತ್ತಿದ್ದ ಅಡುಗೆಮನೆ ಸಾಮಾನು. ಫಲಕ ಅದರ ಹೆಸರು ಹೇಳೀತು. ರಾಗಿ ಬೀಸಲು ಎಷ್ಟು ಹೊತ್ತಿಗೆ ಏಳಬೇಕಿತ್ತು, ಅಂಗೈ ಹೇಗೆ ಬೊಬ್ಬೆ ಬರುತ್ತಿತ್ತು ಎಂಬುದನ್ನು ನಿಮ್ಮ ಮನೆಯ ಅಜ್ಜಿಯೇ ಹೇಳಬೇಕು. ಮಂಡಿನೋವೆಂದು ಅವರನ್ನು ಮನೆ ಕಾಯಲು ಬಿಟ್ಟು ಹೋಗಬೇಡಿ. ಮೊಮ್ಮಕ್ಕಳು ಕೇಳಲಿ, ನೀವು ಬರೆದುಕೊಳ್ಳಿ.