ಜಾರದ ಪಟ್ಟಿಗೆ ಲೇಸರ್ ಕತ್ತರಿ

ಬ್ಯಾಂಕು, ಆಸ್ಪತ್ರೆ, ಶಾಲೆಗಳ ಮೆಟ್ಟಿಲಂಚಿಗೆ ಅಂಟಿಸಿದ ಕಪ್ಪು ಒರಟು ಪಟ್ಟಿಯನ್ನು ನಾವೆಲ್ಲ ತುಳಿದಿದ್ದೇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಆಂಟಿ-ಸ್ಲಿಪ್ ಟೇಪ್ ಎಂದು ಕೇಳಿದರೆ ಎರಡು ಇಂಚು ಅಗಲದ ಸುರುಳಿ ಕೊಡುತ್ತಾರೆ. ನೇರವಾದ ಮೆಟ್ಟಿಲಿಗೆ ಅಷ್ಟು ಸಾಕು. ಆದರೆ ಸುತ್ತು ಮೆಟ್ಟಿಲಿನ ಒಂದೊಂದು ಹಂತವೂ ಬೀಸಣಿಗೆಯ ಆಕಾರದಲ್ಲಿರುತ್ತದೆ. ಸ್ಕೂಟರಿನ ಕಾಲಿಡುವ ಜಾಗ, ಹೊಲಿಗೆ ಯಂತ್ರದ ಪೆಡಲ್, ಕಬ್ಬಿಣದ ಏಣಿಯ ಮೆಟ್ಟು, ಮಕ್ಕಳ ಸ್ಕೇಟ್‌ಬೋರ್ಡು, ಕೈಯಿಂದ ಜಾರುವ ಉಪಕರಣದ ಹಿಡಿ, ಇವಕ್ಕೆಲ್ಲ ಅವುಗಳದೇ ಆಕಾರದ ತುಂಡು ಬೇಕು. ಕತ್ತರಿಯಲ್ಲಿ ಕತ್ತರಿಸಲು ಹೊರಟರೆ ಕೆಲವೇ ತುಂಡುಗಳಲ್ಲಿ ಕತ್ತರಿಯ ಬಾಯಿ ಹೋಗುತ್ತದೆ, ಅಂಚೂ ಹಲ್ಲುಹಲ್ಲಾಗುತ್ತದೆ. ಕಟರ್ ಬ್ಲೇಡಿನದೂ ಅದೇ ಪಾಡು. ನಾಮಫಲಕ, ಮದುವೆಯ ಅಲಂಕಾರಕ್ಕಾಗಿ ಅಕ್ರಿಲಿಕ್ ಮತ್ತು ಎಂಡಿಎಫ್ ಹಲಗೆ ಕತ್ತರಿಸುವ ಲೇಸರ್ ಅಂಗಡಿಗಳು ಈಗ ತಾಲೂಕು ಕೇಂದ್ರಗಳಲ್ಲೂ ಇರುವುದರಿಂದ ಕೆಲಸವನ್ನು ಅಲ್ಲಿಗೆ ಒಯ್ಯುವ ಯೋಚನೆ ಬರುವುದು ಸಹಜ. ಆ ಕೆಲಸ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಪಟ್ಟಿಯ ಒಳಗೆ ಏನಿದೆ ಎಂದು ತಿಳಿದವರಿಗೆ ಮಾತ್ರ.

ಪಟ್ಟಿಯನ್ನು ಅಡ್ಡವಾಗಿ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಕೆಳಗೆ, ಅಂಟಿಸುವ ಮುನ್ನ ಸುಲಿದು ಎಸೆಯುವ ನುಣುಪು ಕಾಗದ. ಅದರ ಮೇಲೆ ಅಂಟು. ಅಂಟಿನ ಮೇಲೆ ಪ್ಲಾಸ್ಟಿಕ್ಕಿನ ತೆಳು ಹಾಳೆ. ಹಾಳೆಯ ಮೇಲೆ ಗಟ್ಟಿಯಾದ ರಾಳ, ಅಂದರೆ ರೆಸಿನ್. ಆ ರಾಳದಲ್ಲಿ ಅರ್ಧ ಹೂತು ಅರ್ಧ ಮೇಲೆ ಚಾಚಿಕೊಂಡಿರುವ ಖನಿಜದ ಹರಳುಗಳು. ಮಳೆಗಾಲದಲ್ಲಿ ಗ್ರಾನೈಟ್ ಮೆಟ್ಟಿಲು ಜಾರುವುದು ಚಪ್ಪಲಿಗೂ ಕಲ್ಲಿಗೂ ನಡುವೆ ನೀರಿನ ಪೊರೆ ಉಳಿಯುವುದರಿಂದ. ಹರಳಿನ ಮೊನೆಗಳು ಆ ಪೊರೆಯನ್ನು ಸೀಳಿ ಮೇಲೆದ್ದು ಅಟ್ಟೆಯನ್ನು ಕಚ್ಚಿ ಹಿಡಿಯುತ್ತವೆ, ನೀರು ಹರಳುಗಳ ಸಂದಿಗೆ ಇಳಿಯುತ್ತದೆ.

ಈ ಹರಳು ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದು ಅಲ್ಯೂಮಿನಿಯಂ ಆಕ್ಸೈಡ್. ನಮ್ಮ ನೆಲದ ಕುರುಂದದ ಕಲ್ಲೂ ಇದೇ ವಸ್ತು. ಕತ್ತಿ ಚೂರಿಗೆ ಸಾಣೆ ಹಿಡಿಯುವವರು ಹಿಂದೆ ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದರು. ಗಟ್ಟಿ ಹರಳು, ಅದನ್ನು ಹಿಡಿದಿಡಲು ಮೆದು ಬಂಧಕ ಎಂಬ ಉಪಾಯ ಅಷ್ಟು ಹಳೆಯದು. ಇನ್ನೊಂದು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಆಚೆಸನ್ 1891ರಲ್ಲಿ ಕೃತಕ ವಜ್ರ ಮಾಡುವ ಆಸೆಯಿಂದ ಜೇಡಿಮಣ್ಣು ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ತಿನಿಂದ ಕಾಯಿಸಿದಾಗ ಹೊಳೆಯುವ ಹರಳುಗಳು ಸಿಕ್ಕವು. ವಜ್ರವಾಗಿರಲಿಲ್ಲ, ಆದರೆ ವಜ್ರಕ್ಕೆ ಹತ್ತಿರದ ಗಡಸು ಅವಕ್ಕಿತ್ತು. ಕಾರ್ಬೊರಂಡಮ್ ಎಂಬ ಹೆಸರಿನಲ್ಲಿ ಅದು ಲೋಕದ ತುಂಬ ಹರಡಿತು. ಸ್ಕೇಟ್‌ಬೋರ್ಡಿನ ಗ್ರಿಪ್ ಟೇಪಿನ ಮೇಲಿರುವುದು ಹೆಚ್ಚಾಗಿ ಇದೇ.

ಹರಳಿನ ಗಾತ್ರವನ್ನು ಉಪ್ಪುಕಾಗದದಂತೆಯೇ ಗ್ರಿಟ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಏರಿದಂತೆ ಹರಳು ಸಣ್ಣದಾಗುತ್ತದೆ. 60 ಗ್ರಿಟ್ಟಿನದು ಸುಮಾರು ಕಾಲು ಮಿಲಿಮೀಟರ್, 80ರದು ಸುಮಾರು 0.2 ಮಿಲಿಮೀಟರ್, 36ರದು ಅರ್ಧ ಮಿಲಿಮೀಟರ್. ಈ ಅಳತೆಗಳು ಮುಂದೆ ವಿನ್ಯಾಸ ಮಾಡುವಾಗ ಬೇಕಾಗುತ್ತವೆ.

ಇನ್ನು ಲೇಸರ್. ಈ ಅಂಗಡಿಗಳಲ್ಲಿ ಇರುವುದು ಬಹುಮಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಕುಮಾರ್ ಪಟೇಲ್, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ನಮ್ಮ ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಇನ್ನೂ ದೊಡ್ಡ ಅಕ್ಷರಗಳಲ್ಲಿ ಇರಬೇಕಿತ್ತು. ಈ ಲೇಸರಿನ ಕಿರಣದ ತರಂಗಾಂತರ 10.6 ಮೈಕ್ರೋಮೀಟರ್, ಕಣ್ಣಿಗೆ ಕಾಣದ ಅವಗೆಂಪು. ಕಾಗದ, ಮರ, ಬಟ್ಟೆ, ಪ್ಲಾಸ್ಟಿಕ್, ಅಂಟು, ರಾಳ ಇವೆಲ್ಲ ಈ ಕಿರಣವನ್ನು ಚೆನ್ನಾಗಿ ಹೀರಿಕೊಂಡು ಕ್ಷಣದಲ್ಲಿ ಆವಿಯಾಗುತ್ತವೆ. ಹರಳಿನ ಕಥೆಯೇ ಬೇರೆ. ಅಲ್ಯೂಮಿನಿಯಂ ಆಕ್ಸೈಡ್ ಕರಗಲು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸಿಲಿಕಾನ್ ಕಾರ್ಬೈಡಂತೂ ಸರಿಯಾಗಿ ಈ ತರಂಗಾಂತರದ ಆಸುಪಾಸಿನಲ್ಲೇ ಕಿರಣದ ಬಹುಪಾಲನ್ನು ತಿರುಗಿ ಎಸೆಯುತ್ತದೆ. ಲೇಸರಿಗೆ ಗಡಸು ವಸ್ತು ಬಗ್ಗುವುದೇ ಇಲ್ಲ ಎಂದಲ್ಲ. 1965ರಲ್ಲೇ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ತಂತಿ ಎಳೆಯುವ ವಜ್ರದ ಅಚ್ಚುಗಳಿಗೆ ಲೇಸರಿನಿಂದ ತೂತು ಕೊರೆದಿತ್ತು. ಅದಕ್ಕೆ ಬೇಕಾದ ತೀಕ್ಷ್ಣ ಸ್ಪಂದನಗಳು ಬೇರೆ, ಅಕ್ರಿಲಿಕ್ ಕತ್ತರಿಸುವ ಅಂಗಡಿಯ ಯಂತ್ರ ಬೇರೆ.

ಹಾಗಾದರೆ ಪಟ್ಟಿ ತುಂಡಾಗುವುದು ಹೇಗೆ? ಕಡಲೆ ಚಿಕ್ಕಿಯನ್ನು ಮುರಿದು ನೋಡಿ. ಬಿರುಕು ಹೆಚ್ಚಾಗಿ ಬೀಜದ ಸುತ್ತಲಿನ ಬೆಲ್ಲದಲ್ಲಿ ಸಾಗುತ್ತದೆ, ಬೀಜ ಇಡಿಯಾಗಿ ಒಂದು ಕಡೆ ಉಳಿಯುತ್ತದೆ. ಇಲ್ಲೂ ಲೇಸರ್ ಹರಳನ್ನು ಹಿಡಿದಿಟ್ಟ ಹಾಳೆಯನ್ನೂ ರಾಳವನ್ನೂ ಕತ್ತರಿಸುತ್ತದೆ. ಗೆರೆಯ ಮೇಲೆ ಸಿಕ್ಕ ಹರಳು ಯಾವುದಾದರೂ ಒಂದು ಬದಿಗೆ ಅಂಟಿ ಉಳಿಯುತ್ತದೆ, ಇಲ್ಲವೇ ಉದುರುತ್ತದೆ. ಈ ಕೆಲಸದ ಉಳಿದ ಎಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ಮೊದಲನೆಯದು, ಪಟ್ಟಿಯನ್ನು ಮಗುಚಿ ಹಾಕಿ ಬೆನ್ನ ಕಡೆಯಿಂದ ಕತ್ತರಿಸಬೇಕು. ಒರಟು ಮುಖ ಮೇಲಿದ್ದರೆ ಕಿರಣ ಮೊದಲು ಹರಳುಗಳಿಗೆ ಬಡಿದು ಚದುರುತ್ತದೆ. ಶಕ್ತಿ ಸಾಲದೆಂದು ಆಪರೇಟರ್ ವೇಗ ತಗ್ಗಿಸುತ್ತಾನೆ, ಶಾಖ ಅಕ್ಕಪಕ್ಕಕ್ಕೆ ಹರಡಿ ರಾಳ ಸುಟ್ಟು ಅಂಚಿನುದ್ದಕ್ಕೂ ಹರಳು ಕಳಚಿ ಬೋಳಾಗುತ್ತದೆ. ಕಾಲು ಮೊದಲು ಜಾರುವುದೂ, ಪಟ್ಟಿ ಮೊದಲು ಏಳುವುದೂ ಆ ಬೋಳು ಅಂಚಿನಲ್ಲೇ. ಬೆನ್ನ ಕಡೆಯಿಂದಾದರೆ ಕಿರಣಕ್ಕೆ ಎದುರಾಗುವುದು ಕಾಗದ, ಅಂಟು, ಹಾಳೆ. ಮೂರೂ ಸುಲಭವಾಗಿ ಬಿಟ್ಟುಕೊಡುವಂಥವು. ಕೊನೆಗೆ ರಾಳದ ತೆಳು ಪದರ ಉಳಿದರೂ ಕೈಯಲ್ಲಿ ಬಗ್ಗಿಸಿದರೆ ಗೆರೆಯುದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಕಷ್ಟಪಟ್ಟು ಕಟರಿನಲ್ಲೇ ಕತ್ತರಿಸುವ ಅನುಭವಿಗಳೂ ಬೆನ್ನ ಕಡೆಯಿಂದಲೇ ಗೀರುತ್ತಾರೆ. ಮಗುಚಿ ಹಾಕಿದ ಮೇಲೆ ಚಿತ್ರವನ್ನೂ ಎಡಬಲ ತಿರುಗಿಸಲೇಬೇಕು. ವೃತ್ತಕ್ಕೂ ಆಯತಕ್ಕೂ ಇದು ಗೊತ್ತಾಗುವುದಿಲ್ಲ, ಅಕ್ಷರಕ್ಕೂ ಎಡಬಲ ಒಂದೇ ಅಲ್ಲದ ಪೆಡಲಿಗೂ ಗೊತ್ತಾಗುತ್ತದೆ. ಫೈಲ್ ಕೊಡುವಾಗ ‘ಮಿರರ್ ಮಾಡಿದೆ’ ಎಂದೋ ‘ಮಾಡಿಲ್ಲ’ ಎಂದೋ ಹೆಸರಿನಲ್ಲೇ ಬರೆದುಬಿಡುವುದು ಒಳ್ಳೆಯದು.

ಎರಡನೆಯದು, ಹಾಳೆ ಯಾವ ಪ್ಲಾಸ್ಟಿಕ್ಕಿನದು ಎಂಬುದು. ಇದು ಅಂದಚಂದದ ಮಾತಲ್ಲ, ಉಸಿರಿನ ಮಾತು. ಕೆಲವು ಪಟ್ಟಿಗಳ ಹಾಳೆ ಪಾಲಿಯೆಸ್ಟರ್, ಕೆಲವದು ಪಿವಿಸಿ. ಮೇಲ್ನೋಟಕ್ಕೆ ಎರಡೂ ಒಂದೇ. ಪಾಲಿಯೆಸ್ಟರನ್ನು ಹೊಗೆ ಎಳೆಯುವ ಫ್ಯಾನ್ ಇಟ್ಟು ಕತ್ತರಿಸಬಹುದು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ತೇವ ಸಿಕ್ಕಲ್ಲೆಲ್ಲ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಆ ತೇವ ಆಪರೇಟರನ ಕಣ್ಣು, ಗಂಟಲು, ಶ್ವಾಸಕೋಶದ್ದೂ ಆಗಿರಬಹುದು, ಮಳೆಗಾಲದ ಗಾಳಿಯದೂ ಆಗಿರಬಹುದು. ಯಂತ್ರದ ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ, ಕನ್ನಡಿಗಳು ಹಾಳಾಗುತ್ತವೆ. ಗಿರಾಕಿ ತಂದ ಸುರುಳಿಯನ್ನು ಪ್ರಶ್ನೆ ಕೇಳದೆ ಯಂತ್ರಕ್ಕೆ ಹಾಕುವ ಅಂಗಡಿಗಳಿವೆ. ದಿನವಿಡೀ ಅಲ್ಲೇ ನಿಂತು ಉಸಿರಾಡುವವನು ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗ. ಅವನ ಸಲುವಾಗಿಯಾದರೂ ಸುರುಳಿ ಕೊಳ್ಳುವಾಗ ತಯಾರಕರ ವಿವರಪತ್ರ ಕೇಳಿ, ಅದರಲ್ಲಿ ಪಿವಿಸಿ ಅಥವಾ ವಿನೈಲ್ ಎಂದಿದ್ದರೆ ಲೇಸರನ್ನು ಮರೆತುಬಿಡಿ.

ವಿವರಪತ್ರ ಸಿಗದಿದ್ದರೆ ಒಂದು ಹಳೆಯ ಪರೀಕ್ಷೆಯಿದೆ, ರಸಾಯನವಿಜ್ಞಾನಿ ಬೈಲ್‌ಸ್ಟೈನ್ 1872ರಲ್ಲಿ ಹೇಳಿದ್ದು. ದಪ್ಪ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ. ಜ್ವಾಲೆಗೆ ಹಸಿರು ಬಣ್ಣ ಬರುವುದು ನಿಂತ ಮೇಲೆ ಆ ಬಿಸಿ ತಂತಿಯನ್ನು ಹಾಳೆಗೆ ತಾಗಿಸಿ ಸ್ವಲ್ಪ ಪ್ಲಾಸ್ಟಿಕ್ ಹತ್ತಿಸಿಕೊಂಡು ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಢಾಳಾಗಿ ಹಸಿರಾದರೆ ಕ್ಲೋರಿನ್ ಇದೆ ಎಂದು ತಿಳಿಯಿರಿ. ಬಯಲಿನಲ್ಲಿ, ಗಾಳಿಯ ದಿಕ್ಕಿಗೆ ಬೆನ್ನು ಮಾಡಿ, ಉಗುರಿನಷ್ಟು ತುಂಡಿನಿಂದ ಮಾತ್ರ ಮಾಡಬೇಕಾದ ಪರೀಕ್ಷೆ ಇದು. ಹಸಿರು ಕಂಡರೆ ಅನುಮಾನದ ಲಾಭವನ್ನು ಪ್ಲಾಸ್ಟಿಕ್ಕಿಗೆ ಕೊಡಬೇಡಿ.

ಮೂರನೆಯದು ಪುಡಿ. ಗೆರೆಯುದ್ದಕ್ಕೂ ಉದುರಿದ ಹರಳು ಯಂತ್ರದ ತಳದಲ್ಲಿ ಸೇರುತ್ತದೆ, ಗಾಳಿಯ ಒತ್ತಡಕ್ಕೆ ಹಾರಿ ಹಳಿ, ಬೇರಿಂಗುಗಳ ಮೇಲೂ ಕೂರುತ್ತದೆ. ಉಕ್ಕಿಗಿಂತ ಗಡಸಾದ ಕಣ ಬೇರಿಂಗಿನೊಳಗೆ ಹೊಕ್ಕರೆ ಅದು ಸಾಣೆಯ ಕೆಲಸವನ್ನೇ ಮಾಡುತ್ತದೆ. ಇಂಥ ಯಂತ್ರದ ಮಸೂರ ಹೆಚ್ಚಾಗಿ ಜಿಂಕ್ ಸೆಲೆನೈಡ್‌ನದು, ಬಹಳ ಮೆದು. ಅದರ ಮೇಲೆ ಒಂದು ಹರಳು ಕೂತಿರುವಾಗ ಬಟ್ಟೆಯಿಂದ ಒರೆಸಿದರೆ ಗೀರು ಬಿತ್ತೆಂದೇ ಲೆಕ್ಕ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಆಮೇಲೆ ದ್ರಾವಣ ಹಾಕಿ ಒರೆಸಬೇಕು. ಕೆಲಸ ಮುಗಿದ ತಕ್ಷಣ ಇಡೀ ತಳವನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ಇದಕ್ಕೆ ಅಂಗಡಿಯವನು ಒಂದಿಷ್ಟು ಹೆಚ್ಚು ಕೂಲಿ ಕೇಳಿದರೆ ಅದು ನ್ಯಾಯವೇ.

ವೇಗ, ಶಕ್ತಿಗಳ ಬಗ್ಗೆ ಒಂದೇ ಅಂಕಿ ಕೊಡುವುದು ಸರಿಯಲ್ಲ. ಯಂತ್ರಗಳು 40 ವಾಟ್‌ನಿಂದ 150 ವಾಟ್‌ವರೆಗೆ ಇವೆ, ಪಟ್ಟಿಗಳ ದಪ್ಪವೂ ಬೇರೆಬೇರೆ. ಎರಡು ಸೆಂಟಿಮೀಟರಿನ ಚೌಕಗಳನ್ನು ಬೇರೆಬೇರೆ ವೇಗದಲ್ಲಿ ಕತ್ತರಿಸಿ ನೋಡಿ, ಹಾಳೆ ಪೂರ್ತಿ ಬಿಡುವ ಅತಿ ಹೆಚ್ಚಿನ ವೇಗವನ್ನು ಆರಿಸಿಕೊಳ್ಳಿ. ನಿಧಾನ ಹೆಚ್ಚಿದಷ್ಟೂ ಅಂಟು ಕರಗಿ ಅಂಚು ಜಿಗುಟಾಗಿ ಕಪ್ಪಗಾಗುತ್ತದೆ. ಸುರುಳಿಯಿಂದ ಬಿಚ್ಚಿದ ಪಟ್ಟಿ ಮತ್ತೆ ಸುತ್ತಿಕೊಳ್ಳಲು ನೋಡುವುದರಿಂದ ನಾಲ್ಕೂ ಕಡೆ ಅಯಸ್ಕಾಂತ ಇಟ್ಟು ಚಪ್ಪಟೆ ಮಾಡಬೇಕು. ಮೇಲಿರುವುದು ಕಾಗದ, ಹೊತ್ತಿಕೊಳ್ಳಲು ಕಾಯುತ್ತಿರುವ ವಸ್ತು. ಯಂತ್ರ ಓಡುತ್ತಿರುವಾಗ ಚಹಾಕ್ಕೆಂದು ಹೊರಗೆ ಹೋಗುವಂತಿಲ್ಲ.

ವಿನ್ಯಾಸಕ್ಕೆ ಬರೋಣ, ಕುತೂಹಲ ಹೆಚ್ಚಿರುವುದು ಇಲ್ಲಿ. ಕಿರಣ ಕತ್ತರಿಸುವ ಗೆರೆಯ ಅಗಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಹರಳು ಅಷ್ಟೇ ದಪ್ಪ, ಇಲ್ಲವೇ ಅದಕ್ಕಿಂತ ಹೆಚ್ಚು. ಆದ್ದರಿಂದ ಕಿರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಅಂಚಿನ ನಯ ಹರಳಿನ ಗಾತ್ರವನ್ನು ಮೀರದು. ಮೂರು ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಎಳೆಗಳನ್ನು ಬಿಡಿಸಬೇಡಿ, ಬಿಡಿಸಿದರೂ ತುಳಿತಕ್ಕೆ ಅವು ಉಳಿಯುವುದಿಲ್ಲ. ಮೂಲೆಗಳನ್ನೆಲ್ಲ ದುಂಡಾಗಿಸಿ. ಚೂಪು ಮೂಲೆಯೇ ಮೊದಲು ಏಳುವುದು, ಎದ್ದ ಮೂಲೆಗೆ ಕಾಲು ತೊಡರಿದರೆ ಪಟ್ಟಿ ಹಾಕಿದ್ದೇ ಅಪಾಯಕ್ಕೆ ಕಾರಣವಾಗುತ್ತದೆ. ಕತ್ತರಿಯಲ್ಲಿ ನೂರು ಮೂಲೆಗಳನ್ನು ಒಂದೇ ಸಮ ದುಂಡಾಗಿಸುವುದು ಎಷ್ಟು ಬೇಸರದ ಕೆಲಸ ಎಂದು ಗೊತ್ತಿರುವವರಿಗೆ ಲೇಸರಿನ ಬೆಲೆ ಇಲ್ಲಿ ತಿಳಿಯುತ್ತದೆ. ಟೈಲ್ಸ್ ನೆಲವಾದರೆ ಪಟ್ಟಿ ಟೈಲಿನ ಸಂದಿಯನ್ನು ದಾಟದಂತೆ ಒಂದೊಂದು ಟೈಲಿಗೂ ಬೇರೆ ತುಂಡು ಮಾಡಿ. ಸಂದಿಯ ತಗ್ಗಿನಲ್ಲಿ ನೀರು ಅಂಟಿನ ಕೆಳಗೆ ನುಸುಳುತ್ತದೆ.

ಅಕ್ಷರಗಳನ್ನು ಕತ್ತರಿಸುವ ಆಸೆ ಹಲವರಿಗೆ. ಸಾಮಾನ್ಯ ಸ್ಟಿಕರಿನಲ್ಲಿ ಬಿಡಿ ಅಕ್ಷರಗಳನ್ನು ಸಾಲುಗೆಡದಂತೆ ಎತ್ತಿ ಕೂರಿಸಲು ಮೇಲೊಂದು ಟೇಪ್ ಅಂಟಿಸುತ್ತಾರೆ. ಒರಟು ಮುಖದ ಮೇಲೆ ಆ ಟೇಪ್ ಸರಿಯಾಗಿ ಹಿಡಿಯುವುದಿಲ್ಲ. ಕನ್ನಡ ಲಿಪಿಯಲ್ಲಂತೂ ಅನುಸ್ವಾರದ ಸೊನ್ನೆ, ಕೆಳಗಿನ ಒತ್ತು ಎಲ್ಲ ಬಿಡಿಬಿಡಿ ತುಂಡುಗಳು. ಇದಕ್ಕಿಂತ ಅಕ್ಷರವನ್ನೇ ಕತ್ತರಿಸಿ ತೆಗೆದು ಉಳಿದ ಪಟ್ಟಿಯನ್ನು ಇಡಿಯಾಗಿ ಅಂಟಿಸುವುದು ಮೇಲು. ನೆಲದ ಬಣ್ಣವೇ ಅಕ್ಷರವಾಗಿ ಕಾಣುತ್ತದೆ. ಅನುಸ್ವಾರದ ಒಳಗಿನ ಬೊಟ್ಟು ಉದುರದಂತೆ ಸಣ್ಣ ಸೇತುವೆ ಬಿಡಬೇಕು, ಠಕಾರದ ಹೊಟ್ಟೆಗೂ ಹಾಗೆಯೇ. ಗೋಡೆಗೆ ಬಣ್ಣ ಬಳಿಯುವ ತಗಡಿನ ಅಚ್ಚು ಮಾಡುವವರು ತಲೆಮಾರುಗಳಿಂದ ಮಾಡುತ್ತ ಬಂದಿರುವ ಉಪಾಯ ಅದು.

ಇಷ್ಟಾದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಇದರ ಮೇಲೆ ನಡೆಯುವ ಕಾಲು ಯಾರದು? ಈ ಪಟ್ಟಿಗಳು ಮೂಲದಲ್ಲಿ ಬೂಟಿನ ಕಾಲಿಗೆಂದು ಬಂದವು, ನಾವು ಮನೆಯೊಳಗೆ ಬರಿಗಾಲಲ್ಲಿ ನಡೆಯುವವರು. ಒರಟು ಹರಳಿನ ಪಟ್ಟಿ ಬರಿಗಾಲನ್ನು ತರಚುತ್ತದೆ, ಅಂಬೆಗಾಲಿಡುವ ಮಗುವಿನ ಮೊಣಕಾಲನ್ನಂತೂ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದ ಹಿರಿಯರಿಗೆ ತರಚಿದ್ದು ತಿಳಿಯುವುದೇ ಇಲ್ಲ, ಆ ಗಾಯ ಮುಂದೆ ದೊಡ್ಡ ತೊಂದರೆಯಾಗಬಹುದು. ನೆಲ ಒರೆಸುವ ಬಟ್ಟೆಯ ನೂಲೂ ಹರಳಿಗೆ ಸಿಕ್ಕಿ ಹರಿಯುತ್ತದೆ. ಆದ್ದರಿಂದ ಬಚ್ಚಲು, ದೇವರ ಮನೆ, ಒಳಮೆಟ್ಟಿಲುಗಳಿಗೆ ಹರಳಿಲ್ಲದ, ರಬ್ಬರಿನಂಥ ಉಬ್ಬು ವಿನ್ಯಾಸದ ಪಟ್ಟಿ ಕೊಳ್ಳಿ. ಅವುಗಳಲ್ಲಿ ಹಲವು ವಿನೈಲ್ ಆಗಿರುವುದರಿಂದ ಕತ್ತರಿಯೇ ಸಾಕು, ಅವು ಕತ್ತರಿಯ ಬಾಯನ್ನೂ ಕೆಡಿಸುವುದಿಲ್ಲ. ಹರಳಿನ ಪಟ್ಟಿ ಚಪ್ಪಲಿ ಕಾಲಿನ ಜಾಗಕ್ಕಿರಲಿ, ಹೊರಮೆಟ್ಟಿಲು, ಏಣಿ, ಟ್ರ್ಯಾಕ್ಟರ್ ಹತ್ತುವ ಮೆಟ್ಟು, ವರ್ಕ್‌ಶಾಪು. ಹೊಸದಾಗಿ ಮನೆ ಕಟ್ಟುವವರಿಗಾದರೆ ನನ್ನ ಮಾತು ಬೇರೆಯೇ. ಮೆಟ್ಟಿಲ ಕಲ್ಲಿಗೆ ಕನ್ನಡಿ ಪಾಲಿಶ್ ಮಾಡಿಸಿ ಆಮೇಲೆ ಟೇಪ್ ಹುಡುಕುವ ಬದಲು ಅಂಚಿನಲ್ಲಿ ಸಾಲುಗೀರು ಕೊರೆಸಿ, ಇಲ್ಲವೇ ಉರಿಯಲ್ಲಿ ಒರಟು ಮಾಡಿದ ಗ್ರಾನೈಟ್ ಹಾಕಿಸಿ.

ಅಂಟಿಸುವ ಕೆಲಸದಲ್ಲಿ ಮೆಟ್ಟಿಲು ಒಣಗಿರುವುದೇ ಮುಖ್ಯ. ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಮೆಟ್ಟಿಲಿಳಿಯುವಾಗ ಪಾದದ ಮುಂಭಾಗ ಊರುವುದು ಅಂಚಿನ ಬಳಿ, ಹಾಗಾಗಿ ಪಟ್ಟಿಯೂ ಅಂಚಿನ ಹತ್ತಿರವೇ ಇರಬೇಕು, ಆದರೆ ಅಂಚನ್ನು ಸುತ್ತಿಕೊಳ್ಳಬಾರದು. ಕಾಗದವನ್ನು ಒಮ್ಮೆಗೇ ಸುಲಿಯದೆ ಒಂದು ತುದಿಯಿಂದ ಬಿಚ್ಚುತ್ತ, ರಬ್ಬರ್ ರೋಲರಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗಿ. ಒಂದು ದಿನ ಅದಕ್ಕೆ ನೀರು ತಾಗಿಸಬೇಡಿ.

ಯಾವ ಪಟ್ಟಿಯೂ ಶಾಶ್ವತವಲ್ಲ. ಕಾಲು ಹೆಚ್ಚು ಬೀಳುವ ನಡುಭಾಗದಲ್ಲಿ ಹರಳು ಉದುರಿ ಹಾಳೆ ನುಣುಪಾಗಿ ಕಂಡಾಗ ಬದಲಿಸಬೇಕು. ಹೇರ್ ಡ್ರೈಯರಿನಿಂದ ಬಿಸಿ ಮಾಡಿದರೆ ಅಂಟು ಸಡಿಲವಾಗಿ ಪಟ್ಟಿ ಏಳುತ್ತದೆ. ಕತ್ತರಿಸಿದ ಫೈಲನ್ನು, ಯಾವ ಮೆಟ್ಟಿಲಿಗೆ ಯಾವ ತುಂಡು ಎಂಬ ಸಂಖ್ಯೆ, ಪಟ್ಟಿಯ ಹೆಸರು, ಗ್ರಿಟ್ಟು, ಯಂತ್ರದ ವೇಗ ಮತ್ತು ಶಕ್ತಿಯ ಟಿಪ್ಪಣಿಯೊಂದಿಗೆ ತೆಗೆದಿಡಿ. ಮುಂದಿನ ಸಲ ಅಳತೆಪಟ್ಟಿ ಹಿಡಿದು ಮೆಟ್ಟಿಲ ಮೇಲೆ ಬಗ್ಗುವ ಕೆಲಸ ತಪ್ಪುತ್ತದೆ.