ಹೊಸ ಉದ್ಯಮಕ್ಕೆ ಬಂಡವಾಳ: ಕೇಳುವ ಬಗೆ ಹೇಗೆ?

ಕಾಲೇಜಿನಲ್ಲಿ ಓದುತ್ತಿರುವ ಇಬ್ಬರು ಗೆಳೆಯರಿಗೆ ಹೊಸ ಉದ್ಯಮವೊಂದರ ಕಲ್ಪನೆ ಹೊಳೆಯಿತೆನ್ನಿ. ಕೈಯಲ್ಲಿ ಹಣವಿಲ್ಲ. ಬ್ಯಾಂಕಿಗೆ ಹೋದರೆ, 'ಅಡಮಾನಕ್ಕೆ ಏನಿದೆ? ತಿಂಗಳ ಕಂತನ್ನು ಎಲ್ಲಿಂದ ಕಟ್ಟುತ್ತೀರಿ?' ಎಂದು ಕೇಳುತ್ತಾರೆ. ಬ್ಯಾಂಕಿನಲ್ಲಿರುವುದು ಠೇವಣಿದಾರರ ಹಣ. ಆದ್ದರಿಂದ ಆ ಪ್ರಶ್ನೆ ನ್ಯಾಯವಾದದ್ದೇ. ಹಾಗಾದರೆ ಆಸ್ತಿಯೂ ಇಲ್ಲದ, ಲಾಭವನ್ನೂ ಕಾಣದ ಉದ್ಯಮಕ್ಕೆ ಹಣ ಕೊಡುವವರು ಯಾರು?

ಇಂಥವರನ್ನು ಸಾಹಸ ಬಂಡವಾಳಗಾರರು ಎನ್ನುತ್ತಾರೆ. ಅವರು ಕೊಡುವುದು ಸಾಲವಲ್ಲ. ಹಣಕ್ಕೆ ಪ್ರತಿಯಾಗಿ ಕಂಪೆನಿಯಲ್ಲಿ ಪಾಲು ಪಡೆಯುತ್ತಾರೆ. ಕಂಪೆನಿ ಮುಳುಗಿದರೆ ಅವರ ಹಣವೂ ಮುಳುಗುತ್ತದೆ. ಬೆಳೆದರೆ ಪಾಲಿನ ಬೆಲೆಯೂ ಬೆಳೆಯುತ್ತದೆ. ಹತ್ತು ಕಡೆ ಹಾಕಿದ ಹಣದಲ್ಲಿ ಹೆಚ್ಚಿನದು ಹೋಗಬಹುದೆಂದು ತಿಳಿದೇ ಅವರು ಹೂಡುತ್ತಾರೆ. ಗೆದ್ದ ಒಂದೆರಡು ಕಂಪೆನಿಗಳು ಉಳಿದ ನಷ್ಟವನ್ನೆಲ್ಲ ತುಂಬಿಕೊಡಬೇಕು. ಆದ್ದರಿಂದಲೇ 'ಲಾಭ ಬರುತ್ತದೆಯೇ?' ಎಂಬುದಕ್ಕಿಂತ 'ಇದು ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು?' ಎಂಬುದು ಅವರ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಮಾತುಕತೆಗೇ 'ಪಿಚ್' ಎಂದು ಹೆಸರು.

ಒಂದು ನಿಜವಾದ ಉದಾಹರಣೆಯನ್ನು ನೋಡೋಣ. 2007ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಒಂದು ವಿನ್ಯಾಸ ಸಮ್ಮೇಳನ ನಡೆಯಿತು. ಹೋಟೆಲುಗಳು ತುಂಬಿಹೋಗಿದ್ದವು. ಮನೆ ಬಾಡಿಗೆಗೆ ಹಣ ಸಾಲದಿದ್ದ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ಎಂಬ ಗೆಳೆಯರು ಗಾಳಿ ತುಂಬಿದ ಹಾಸಿಗೆಗಳನ್ನು ಹಾಸಿ ಮೂವರು ಅತಿಥಿಗಳಿಗೆ ತಮ್ಮ ಮನೆಯಲ್ಲೇ ತಂಗಲು ಜಾಗ ಕೊಟ್ಟರು. ಏರ್‌ಬಿಎನ್‌ಬಿ ಕಂಪೆನಿ ಹುಟ್ಟಿದ್ದು ಹೀಗೆ. ನೇಥನ್ ಬ್ಲೆಚಾರ್ಜಿಕ್ ಮೂರನೆಯ ಪಾಲುದಾರರಾಗಿ ಸೇರಿದರು.

2008ರಲ್ಲಿ ಇವರು ಏಳು ಮಂದಿ ಬಂಡವಾಳಗಾರರ ಮುಂದೆ ತಮ್ಮ ಕಲ್ಪನೆಯನ್ನಿಟ್ಟರು. ಕೇಳಿದ್ದು 1,50,000 ಡಾಲರ್. ಇಡೀ ಕಂಪೆನಿಯ ಬೆಲೆ 15 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿದ್ದರು. ಅಂದರೆ ಹಣ ಕೊಟ್ಟವರಿಗೆ ಹತ್ತರಲ್ಲಿ ಒಂದು ಪಾಲು. ಐವರು 'ಬೇಡ' ಎಂದರು. ಇಬ್ಬರು ಉತ್ತರಿಸಲೇ ಇಲ್ಲ. ಇದರ ಮಾರುಕಟ್ಟೆ ಚಿಕ್ಕದು, ಇದು ನಮ್ಮ ಕ್ಷೇತ್ರವಲ್ಲ ಎಂಬಂಥ ಕಾರಣಗಳು ಬಂದವು. ಅಪರಿಚಿತರನ್ನು ಮನೆಯೊಳಗೆ ಮಲಗಿಸಿಕೊಳ್ಳುವವರು ಎಷ್ಟು ಜನ ಇದ್ದಾರು ಎಂಬ ಸಂಶಯ ಅಂದು ಸಹಜವೇ ಆಗಿತ್ತು.

ಆಮೇಲೆ ಏನಾಯಿತು? ಆ ವರ್ಷ ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ. ಗೆಳೆಯರು ಅಭ್ಯರ್ಥಿಗಳಾದ ಒಬಾಮ ಮತ್ತು ಮೆಕೇನ್ ಅವರ ಹೆಸರು ಹೊತ್ತ ಉಪಾಹಾರದ ಪೊಟ್ಟಣಗಳನ್ನು ತಯಾರಿಸಿ, ಒಂದಕ್ಕೆ 40 ಡಾಲರಿನಂತೆ ಮಾರಿ, ಸುಮಾರು 30,000 ಡಾಲರ್ ಗಳಿಸಿ ಸಾಲದ ಹೊರೆ ಇಳಿಸಿಕೊಂಡರು. 2009ರ ಆರಂಭದಲ್ಲಿ ಹೊಸ ಉದ್ಯಮಗಳಿಗೆ ತರಬೇತಿ ನೀಡುವ ವೈ ಕಾಂಬಿನೇಟರ್ ಸಂಸ್ಥೆ ಅವರನ್ನು ಸೇರಿಸಿಕೊಂಡಿತು. ಅದರ ಸ್ಥಾಪಕರಲ್ಲೊಬ್ಬರಾದ ಪಾಲ್ ಗ್ರಹಾಂ ಅವರಿಗೆ ಕಲ್ಪನೆ ಅಷ್ಟೇನೂ ಹಿಡಿಸಿರಲಿಲ್ಲ. ಪೊಟ್ಟಣ ಮಾರಿಯಾದರೂ ಉಳಿದುಕೊಂಡ ಆ ಛಲ ಮಾತ್ರ ಹಿಡಿಸಿತು. ಅದೇ ವರ್ಷ ಸಿಕೋಯಾ ಎಂಬ ಹೂಡಿಕೆ ಸಂಸ್ಥೆಯ ಮುಂದಾಳತ್ವದಲ್ಲಿ ಸುಮಾರು 6 ಲಕ್ಷ ಡಾಲರ್ ಬಂಡವಾಳ ದೊರೆಯಿತು. 2020ರ ಡಿಸೆಂಬರಿನಲ್ಲಿ ಷೇರುಪೇಟೆಗೆ ಬಂದಾಗ, ಮೊದಲ ದಿನದ ವಹಿವಾಟಿನ ಕೊನೆಗೆ ಕಂಪೆನಿಯ ಬೆಲೆ 8,000 ಕೋಟಿ ಡಾಲರನ್ನು ಮೀರಿತ್ತು.

ಇದರಿಂದ ನಾವು ತಿಳಿಯಬೇಕಾದುದೇನು? ಬಂಡವಾಳಗಾರರು ಕಲ್ಪನೆಯನ್ನಷ್ಟೇ ನೋಡುವುದಿಲ್ಲ; ಅದನ್ನು ಹೊತ್ತು ನಡೆಯುವವರನ್ನೂ ನೋಡುತ್ತಾರೆ. ಒಳ್ಳೆಯ ಮಂಡನೆಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರವಿರುತ್ತದೆ. ಜನರ ಯಾವ ಕಷ್ಟವನ್ನು ನೀಗಿಸುತ್ತೀರಿ? ಇಂದು ಆ ಕಷ್ಟವನ್ನು ಜನ ಹೇಗೆ ನಿಭಾಯಿಸುತ್ತಿದ್ದಾರೆ? ನಿಮ್ಮ ಸೇವೆಗೆ ಈಗಾಗಲೇ ಹಣ ಕೊಟ್ಟವರು ಎಷ್ಟು ಮಂದಿ? ಈ ಕೆಲಸಕ್ಕೆ ನೀವೇ ಏಕೆ ತಕ್ಕವರು? ಕೇಳುತ್ತಿರುವ ಹಣ ಯಾವುದಕ್ಕೆ, ಎಷ್ಟು ತಿಂಗಳಿಗೆ? 'ದೇಶದಲ್ಲಿ ನೂರಕ್ಕೆ ಒಬ್ಬರು ಕೊಂಡರೂ ಕೋಟಿ ಗಿರಾಕಿಗಳು' ಎನ್ನುವ ಲೆಕ್ಕ ಕನ್ನಡಿಯೊಳಗಿನ ಗಂಟು. ನಿಜವಾಗಿ ಕೊಂಡ ಹತ್ತು ಗಿರಾಕಿಗಳ ಮಾತಿಗೆ ಅದಕ್ಕಿಂತ ತೂಕ ಹೆಚ್ಚು.

ಪಾಲಿನ ಲೆಕ್ಕದಲ್ಲೂ ಎಚ್ಚರ ಬೇಕು. ಪ್ರತಿ ಸಲ ಹೊಸ ಬಂಡವಾಳ ಬಂದಾಗ ಹೊಸ ಷೇರುಗಳು ಸೇರಿ, ಹಳಬರ ಪಾಲು ಕರಗುತ್ತದೆ. ಮೊದಲೇ ಅರ್ಧಕ್ಕರ್ಧ ಕೊಟ್ಟುಬಿಟ್ಟರೆ, ಮುಂದೆ ತಾವೇ ಕಟ್ಟಿದ ಕಂಪೆನಿಯಲ್ಲಿ ತಮ್ಮ ಮಾತು ನಡೆಯದಂತಾಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಸತ್ಯ. 2003ರಲ್ಲಿ ಎಲಿಜಬೆತ್ ಹೋಮ್ಸ್ ಎಂಬ ಹತ್ತೊಂಬತ್ತರ ಯುವತಿ ಆರಂಭಿಸಿದ ಕಂಪೆನಿ ಮುಂದೆ ಥೆರಾನೋಸ್ ಎಂದು ಹೆಸರಾಯಿತು. ಬೆರಳ ತುದಿಯ ಕೆಲವೇ ಹನಿ ರಕ್ತದಲ್ಲಿ ಹಲವಾರು ಪರೀಕ್ಷೆ ಮಾಡುವ ಯಂತ್ರವಿದೆ ಎಂದು ಆಕೆ ಹೇಳಿದ್ದರು. ಕೋಟ್ಯಂತರ ಡಾಲರ್ ಹರಿದುಬಂತು. ಆದರೆ ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ. 2022ರಲ್ಲಿ ನ್ಯಾಯಾಲಯ, ಹೂಡಿಕೆದಾರರನ್ನು ವಂಚಿಸಿದ ಅಪರಾಧ ಸಾಬೀತಾಗಿ, ಆಕೆಗೆ 11 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಿತು. 'ಮುಂದೆ ಹೀಗೆ ಮಾಡಬೇಕೆಂದಿದ್ದೇವೆ' ಎನ್ನುವುದು ಕನಸು. ಮಾಡದಿದ್ದುದನ್ನು 'ಮಾಡಿದ್ದೇವೆ' ಎನ್ನುವುದು ವಂಚನೆ. ಈ ಎರಡರ ನಡುವಿನ ಗೆರೆಯನ್ನು ಯಾವ ಉತ್ಸಾಹದಲ್ಲೂ ದಾಟಬಾರದು.

ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಅವಕಾಶವಿದೆ. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ಕಾರ್ಯಕ್ರಮದಲ್ಲಿ ತೀರ್ಪುಗಾರರ ಮುಂದೆ ಕಲ್ಪನೆಯನ್ನು ಮಂಡಿಸಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ನಿಗದಿಯಾಗಿತ್ತು. ಅನುದಾನವಾದ್ದರಿಂದ ಕಂಪೆನಿಯಲ್ಲಿ ಪಾಲು ಬಿಟ್ಟುಕೊಡಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತಲೆಯಲ್ಲೊಂದು ಕಲ್ಪನೆಯಿದ್ದರೆ ಇಂದೇ ಒಂದು ಹಾಳೆ ತೆಗೆದುಕೊಂಡು ಆ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ನಿಮ್ಮ ಬೀದಿಯ ಅಂಗಡಿಯವರಿಗೋ ಮನೆಯ ಹಿರಿಯರಿಗೋ ಓದಿ ಹೇಳಿರಿ. ಅವರು ಎಲ್ಲಿ ತಡೆದು 'ಅದು ಹೇಗೆ?' ಎಂದು ಕೇಳುತ್ತಾರೋ, ನಿಮ್ಮ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.